‘ವಿಜಯಪುರ’ ಅಂತ ಹುಡುಕಿದರೆ ಪಿನ್ ಗೋಳಗುಮ್ಮಟದ ಊರಿಗೆ ಹೋಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಲ್ಲಿ ನಾವು ಮೂರು ಜನ ಸೇರಿ ದಿನಸಿ ಮನೆಗೆ ತಲುಪಿಸುವ ಸಣ್ಣ ಆ್ಯಪ್ ನಡೆಸುತ್ತಿದ್ದೇವೆ. ಗ್ರಾಹಕರು ವಿಳಾಸವನ್ನು ಬಾಯಿಗೆ ಬಂದ ಹಾಗೆ ಟೈಪ್ ಮಾಡುತ್ತಾರೆ. ನಾವು ಅದನ್ನು ಹಾಗೇ, ವಿಳಾಸ ಕೊಟ್ಟರೆ ಮ್ಯಾಪಿನಲ್ಲಿ ಜಾಗ ಹುಡುಕಿ ಕೊಡುವ ನಾಮಿನಾಟಿಮ್‌ಗೆ ಕಳಿಸುತ್ತೇವೆ. ನಿನ್ನೆ ಬಂದದ್ದು ಇದು: ‘ಮಹಡಿ ಮೇಲೆ, 2ನೇ ಕ್ರಾಸ್, ಗಣಪತಿ ದೇವಸ್ಥಾನದ ಹಿಂದೆ, ವಿಜಯಪುರ’. ಉತ್ತರವೇ ಬರಲಿಲ್ಲ. ಬರೀ ‘ವಿಜಯಪುರ’ ಹಾಕಿದೆವು, ಪಿನ್ ಹೋಗಿ ಬಿಜಾಪುರದಲ್ಲಿ ಕೂತಿತು! ಮ್ಯಾಪಿಂಗ್ ಕೆಲಸ ಗೊತ್ತಿರುವವರು ದಾರಿ ತೋರಿಸಿ.

ಉತ್ತರ: ಸರ್, ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ನಾನು ಹಾಸನದಲ್ಲಿ ಕೂತು ಇದೇ ಕೆಲಸ ಮಾಡುತ್ತೇನೆ. 2014ರ ನವೆಂಬರ್ 1ಕ್ಕೆ ಹನ್ನೆರಡು ಊರುಗಳ ಹೆಸರು ಬದಲಾಯಿತಲ್ಲ, ಅವತ್ತಿಂದ ಬಿಜಾಪುರ ವಿಜಯಪುರ ಆಯಿತು. ನಿಮ್ಮೂರಿನ ವಿಜಯಪುರ ಒಂದು ಬಡಾವಣೆ, ಆ ವಿಜಯಪುರ ಜಿಲ್ಲಾಕೇಂದ್ರ. ಊರಿನ ಹೆಸರು ಹೇಳದಿದ್ದರೆ ಯಂತ್ರ ದೊಡ್ಡದನ್ನೇ ಹಿಡಿಯುತ್ತದೆ. ಜಯನಗರ, ಎಂ.ಜಿ. ರೋಡ್ ಹಾಕಿ ನೋಡಿ, ಬೆಂಗಳೂರಿಗೆ ಹೋದರೂ ಹೋಗಬಹುದು.

ಮೊದಲು ವಿಳಾಸ ಸೋಸಿ. ‘ಹಿಂದೆ’, ‘ಎದುರುಗಡೆ’, ‘ಮಹಡಿ ಮೇಲೆ’ ಇವೆಲ್ಲ ಡೆಲಿವರಿ ಹುಡುಗನಿಗೆ ಬೇಕು, ನಾಮಿನಾಟಿಮ್‌ಗೆ ಅಲ್ಲ. ಅದು ಜನರೇ ಸೇರಿ ಮಾಡಿದ ಉಚಿತ ಮ್ಯಾಪ್ ಆದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿರುವ ಹೆಸರುಗಳ ಜೊತೆ ನಿಮ್ಮ ಪದಗಳನ್ನು ಹೋಲಿಸುತ್ತದೆ. ಹೊಂದದ ಪದ ಜಾಸ್ತಿ ಇದ್ದಷ್ಟೂ ಖಾಲಿ ಕೈ. ಆ ಪದಗಳನ್ನು ಎಸೆಯಬೇಡಿ, ಬೇರೆ ಕಾಲಮ್ಮಿನಲ್ಲಿ ಇಟ್ಟುಕೊಳ್ಳಿ. ನಿಮ್ಮೂರಿನ ಹೆಸರಿಗೆ ಇಂಗ್ಲಿಷಿನಲ್ಲಿ ಮೂರು ನಾಲ್ಕು ಸ್ಪೆಲ್ಲಿಂಗ್ ಓಡಾಡುತ್ತವೆ, ಅವನ್ನೂ ಒಂದಕ್ಕೆ ತನ್ನಿ.

ರಸ್ತೆ, ಊರು, ರಾಜ್ಯ ಅಂತ ಬಿಡಿಬಿಡಿಯಾಗಿ ಕಳಿಸುವ ಸ್ಟ್ರಕ್ಚರ್ಡ್ ಹುಡುಕಾಟವೂ ಇದೆ. ಎಲ್ಲರೂ ಅದನ್ನೇ ಬಳಸಿ ಅನ್ನುತ್ತಾರೆ, ನಾನು ಅನ್ನಲ್ಲ. ಅದರಲ್ಲಿ ಬಡಾವಣೆಗೆ ಅಂತ ಜಾಗವೇ ಇಲ್ಲ! ನಮ್ಮ ಊರುಗಳಲ್ಲಿ ವಿಳಾಸ ಅಂದರೆ ಬಡಾವಣೆಯೇ ಅಲ್ವಾ? ಹಾಗಾಗಿ ಸೋಸಿದ ಮೇಲೆ ‘ವಿಜಯಪುರ, ಚಿಕ್ಕಮಗಳೂರು’ ಅಂತ ಒಂದೇ ಸಾಲಲ್ಲಿ ಕಳಿಸಿ. ಎರಡೂ ವಿಧಾನ ಬೆರೆಸಲು ನಾಮಿನಾಟಿಮ್ ಬಿಡುವುದಿಲ್ಲ.

ಆಮೇಲೆ ಬೇಲಿ ಹಾಕಿ. ವ್ಯೂಬಾಕ್ಸ್ ಅಂತ ಇದೆ, ಮ್ಯಾಪಿನ ಮೇಲೆ ಹುಡುಕಾಟಕ್ಕೆ ಹಾಕುವ ಚೌಕಟ್ಟು. ರೇಖಾಂಶ 75.70ರಿಂದ 75.85, ಅಕ್ಷಾಂಶ 13.25ರಿಂದ 13.38 ಕೊಟ್ಟರೆ ಪೇಟೆ, ಸುತ್ತಲಿನ ಹಳ್ಳಿ ಒಳಗೆ ಬರುತ್ತವೆ. ಜೊತೆಗೆ ‘ಬೌಂಡೆಡ್’ ಅನ್ನು 1 ಮಾಡಲೇಬೇಕು. ಇಲ್ಲದಿದ್ದರೆ ಬೇಲಿ ಬರೀ ಸಲಹೆ, ಹಾರಿ ಹೋಗುತ್ತದೆ. ವ್ಯೂಬಾಕ್ಸಿನಲ್ಲಿ ರೇಖಾಂಶ ಮೊದಲು, ನೆನಪಿರಲಿ. ನಾನು ಒಮ್ಮೆ ಅದಲುಬದಲು ಮಾಡಿ ಅರ್ಧ ದಿನ ತಲೆ ಕೆಡಿಸಿಕೊಂಡಿದ್ದೆ. ನಿಮ್ಮೂರಿನ ಅಂಕಿಗಳನ್ನು ತಿರುಗಿಸಿ ಹಾಕಿದರೆ ನಾರ್ವೆಯಿಂದಲೂ ಮೇಲೆ, ತಣ್ಣನೆ ಸಮುದ್ರಕ್ಕೆ ಬೀಳುತ್ತೀರಿ.

ಪ್ರಶ್ನೆ: ಮೇಡಂ, ಪಿನ್‌ಕೋಡ್ ಕಡ್ಡಾಯ ಮಾಡಿದರೆ ಸುಲಭ ಆಗಲ್ವಾ?

ಉತ್ತರ: ಮನೆ ಹುಡುಕಲು ಆಗಲ್ಲ. ಅದು ಅಂಚೆ ಕಚೇರಿ ಹಂಚುವ ಪ್ರದೇಶ ಅಷ್ಟೇ, 577101ರಲ್ಲಿ ಎಷ್ಟು ಬಡಾವಣೆ ಇಲ್ಲ ಹೇಳಿ! ತಪ್ಪು ಹಿಡಿಯಲು ಮಾತ್ರ ಒಳ್ಳೇದು. ವಿಜಯಪುರ ನಗರದ್ದು 586ರಿಂದ ಶುರು, ನಿಮ್ಮದು 577, ತಕ್ಷಣ ಗೊತ್ತಾಗುತ್ತದೆ. ಆದರೆ ಮೊದಲ ಮೂರೇ ಅಂಕಿ ನೋಡಿ ಬಿಡಬೇಡಿ. ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಎಲ್ಲಕ್ಕೂ 577 ಇದೆ.

ಇದಕ್ಕಿಂತ ದೊಡ್ಡ ಹಳ್ಳ ಇನ್ನೊಂದು. ಉತ್ತರ ಬಂತು ಅಂದರೆ ಸರಿ ಇದೆ ಅಂತಲ್ಲ. ಹಿಂದೆ ಒಬ್ಬ ಅಂಗಡಿಯವರಿಗೆ ಹಾಸನದ ವಿಳಾಸಗಳನ್ನು ಮಾಡಿಕೊಟ್ಟಿದ್ದೆ. ಎಲ್ಲಕ್ಕೂ ಪಿನ್ ಸಿಕ್ಕಿತು, ಖುಷಿಯಾಗಿದ್ದೆ. ಮ್ಯಾಪ್ ತೆರೆದು ನೋಡಿದರೆ ಹದಿನೇಳು ಮನೆ ಒಂದೇ ಚುಕ್ಕೆ ಮೇಲೆ! ವಿದ್ಯಾನಗರ, ಕುವೆಂಪುನಗರ, ಸಾಲಗಾಮೆ ರೋಡ್ ಯಾವುದೂ ಹೊಂದದೆ ‘ಹಾಸನ’ ಮಾತ್ರ ಹೊಂದಿ, ಎಲ್ಲ ಊರಿನ ನಡುಮಧ್ಯಕ್ಕೆ ಬಿದ್ದಿದ್ದವು. ಅವತ್ತಿಂದ ಉತ್ತರದ ಜೊತೆ ಬರುವ ಬಗೆ ನೋಡದೆ ಮುಂದೆ ಹೋಗಲ್ಲ. ಅದು ಮನೆಯೋ, ರಸ್ತೆಯೋ, ಬಡಾವಣೆಯೋ, ಬರೀ ಊರೋ? ಗೂಗಲ್ ಬಳಸಿದರೆ ‘ರೂಫ್‌ಟಾಪ್’ (ಮನೆ ಮಟ್ಟದ ಪಿನ್) ಅಂದರೆ ನಂಬಬಹುದು, ‘ಅಪ್ರಾಕ್ಸಿಮೇಟ್’ (ಅಂದಾಜು) ಅಥವಾ ‘ಪಾರ್ಷಿಯಲ್ ಮ್ಯಾಚ್’ (ಅರೆಬರೆ ಹೊಂದಿಕೆ) ಬಂದರೆ ಅನುಮಾನ ಪಡಿ. ಬರೀ ಊರು ಸಿಕ್ಕಿದರೆ ಅದನ್ನು ಫೇಲ್ ಅಂತಲೇ ಬರೆದುಕೊಳ್ಳಿ.

ಪ್ರಶ್ನೆ: ಹಾಗಾದ್ರೆ ಮನೆ ತನಕ ಪಿನ್ ಸಿಗೋದೇ ಇಲ್ವಾ?

ಉತ್ತರ: ಹುಡುಕಾಟದಿಂದ ಕಷ್ಟ. ನಮ್ಮ ಊರುಗಳ ಡೋರ್ ನಂಬರ್ ಮ್ಯಾಪಿನಲ್ಲಿ ಅಷ್ಟಾಗಿ ಇಲ್ಲ. ನೀವೇ ಪಟ್ಟಿ ಮಾಡಿ. ಹನುಮಂತಪ್ಪ ಸರ್ಕಲ್, ಆಜಾದ್ ಪಾರ್ಕ್ ಥರದ ಗುರುತುಗಳು, ಒಂದೊಂದಕ್ಕೂ ಜನ ಕರೆಯುವ ಹೆಸರುಗಳೆಲ್ಲ, ಮುಚ್ಚಿಹೋದ ಟಾಕೀಸಿನ ಹೆಸರೂ ಸೇರಿ. ಮೊದಲು ಈ ಪಟ್ಟಿ, ಆಮೇಲೆ ನಾಮಿನಾಟಿಮ್. ಹುಡುಗ ಸಾಮಾನು ಕೊಟ್ಟು ‘ತಲುಪಿಸಿದೆ’ ಒತ್ತಿದಾಗ ಅವನ ಫೋನಿನ ಜಿಪಿಎಸ್ ಹಿಡಿದು ಆ ವಿಳಾಸದ ಜೊತೆ ಉಳಿಸಿ. ದಶಮಾಂಶದ ನಂತರ ನಾಲ್ಕು ಅಂಕಿ ಸಾಕು, ಹತ್ತು ಹನ್ನೊಂದು ಮೀಟರ್ ಲೆಕ್ಕ. ಗೇಟಿನ ಮುಂದೆ ಒತ್ತಲು ಹೇಳಿ, ಬೈಕ್ ಹತ್ತಿ ಸರ್ಕಲ್ ದಾಟಿದ ಮೇಲಲ್ಲ. ಎರಡನೇ ಆರ್ಡರಿಗೆ ಹುಡುಕಾಟವೇ ಬೇಡ.

ಇನ್ನೊಂದು. ನಾಮಿನಾಟಿಮ್‌ನ ಉಚಿತ ಸರ್ವರ್‌ಗೆ ಸೆಕೆಂಡಿಗೆ ಒಂದಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ, ಟೈಪ್ ಮಾಡುತ್ತಾ ಇರುವಾಗಲೇ ಹೆಸರು ಸೂಚಿಸಲು ಬಳಸುವ ಹಾಗೂ ಇಲ್ಲ. ಬ್ಲಾಕ್ ಮಾಡುತ್ತಾರೆ.

ಪ್ರಶ್ನೆ: ಮೇಡಂ, ಬೇಲಿ ಹಾಕಿದೆವು, ವಿಜಯಪುರ ನಮ್ಮೂರಿಗೇ ವಾಪಸ್ ಬಂತು. ತುಂಬಾ ಥ್ಯಾಂಕ್ಸ್. ಇವತ್ತು ಒಬ್ಬರು ವಿಳಾಸದ ಜಾಗದಲ್ಲಿ ‘ಮೊನ್ನೆ ಬಂದಿದ್ದ ಹುಡುಗನಿಗೆ ಗೊತ್ತು’ ಅಂತ ಬರೆದಿದ್ದಾರೆ. ಇದನ್ನು ಹೇಗೆ ಸೋಸೋದು?

ಉತ್ತರ: ಸುಮ್ನೆ ಆ ಹುಡುಗನನ್ನೇ ಕಳಿಸಿ ಸರ್. ಗೇಟಿನ ಮುಂದೆ ಒತ್ತಲು ಮರೆಯಬಾರದು ಅಂತ ಹೇಳಿ.