ಮಾವಿನ ಮರದ ಬುಡದಲ್ಲಿ ಹುಡಿ ಉದುರುತ್ತಿದೆ, ಒಂದು ಕೊಂಬೆ ಒಣಗಿದೆ. ಉಳಿಸಿಕೊಳ್ಳಬಹುದಾ?

ಹಿತ್ತಲಮಾವು:
ಮೈಸೂರು, ಮನೆ ಕಾಂಪೌಂಡಿನೊಳಗಿನ ಬಾದಾಮಿ ಮಾವು, ಸುಮಾರು 20 ವರ್ಷದ್ದು. ನೆಲದಿಂದ ಎರಡಡಿ ಮೇಲೆ ಕಾಂಡದಲ್ಲಿ ಮೂರು ತೂತು. ಹುಡಿ ಉದುರುತ್ತಿದೆ, ಅಂಟು ಸೋರುತ್ತಿದೆ. ಶೀಟಿನ ಮೇಲೆ ಚಾಚಿರುವ ತೋಳುಗಾತ್ರದ ಕೊಂಬೆ ಪೂರ್ತಿ ಒಣಗಿದೆ. ಕಾರು ನಿಲ್ಲಿಸಲೆಂದು ಬುಡದವರೆಗೂ ಕಾಂಕ್ರೀಟ್ ಇದೆ. ತೂತಿಗೆ ಸಿಮೆಂಟ್ ತುಂಬಿದರೆ ಸಾಕಾ, ಮರವನ್ನೇ ತೆಗೆಸಬೇಕಾ?

ಕೆಂಪುಮಣ್ಣು:
ಸಿಮೆಂಟ್ ಖಂಡಿತ ಬೇಡ. ಒಳಗಿರುವುದು ಕಾಂಡ ಕೊರೆಯುವ ಹುಳು, ಉದ್ದ ಮೀಸೆಯ ದುಂಬಿಯ ಮರಿ. ಬಾಯಿ ಮುಚ್ಚಿದರೂ ಅದು ಒಳಗೊಳಗೇ ತಿನ್ನುತ್ತಾ ಹೋಗುತ್ತದೆ.

ಬುಡದ ಹುಡಿ ಗುಡಿಸಿ ಎರಡು ದಿನ ಕಾಯಿರಿ. ಮತ್ತೆ ಹಸಿ ಹುಡಿ ಬಂದ ತೂತಿನಲ್ಲಿ ಹುಳು ಜೀವಂತ ಇದೆ ಅಂತ ಲೆಕ್ಕ. ಸೈಕಲ್ ಕಡ್ಡಿಯ ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ ನಿಧಾನವಾಗಿ ತೂರಿಸಿ, ತಿರುಗಿಸಿ ಎಳೆಯಿರಿ. ತುದಿ ಒದ್ದೆಯಾಗಿ, ಬಿಳಿ ಲೋಳೆ ಅಂಟಿಕೊಂಡು ಬಂದರೆ ಹುಳುವಿಗೆ ತಾಗಿದೆ. ಸುರಂಗ ನೇರವಿರುವುದಿಲ್ಲ, ಕಡ್ಡಿ ಮುಟ್ಟದಿದ್ದರೆ ಪೆಟ್ರೋಲಿನಲ್ಲಿ ಅದ್ದಿದ ಹತ್ತಿಯನ್ನು ಒಳಗೆ ತಳ್ಳಿ, ಬಾಯಿಗೆ ಹಸಿ ಜೇಡಿಮಣ್ಣು ಮೆತ್ತಿ. ಹತ್ತಿರ ಬೆಂಕಿ ಬೇಡ. ವಾರದ ನಂತರ ಮಣ್ಣು ಒಡೆದು ಹುಡಿ ಬಂದರೆ ಇನ್ನೊಮ್ಮೆ. ಹಳಬರು ಹೇಳುವ ಡೈಕ್ಲೋರ್ವಾಸ್ ಎಂಬ ಕೀಟನಾಶಕ ಈಗ ನಮ್ಮ ದೇಶದಲ್ಲಿ ನಿಷೇಧವಾಗಿದೆ, ಹುಡುಕಬೇಡಿ.

ಆಮೇಲೆ ಬೋರ್ಡೋ ಪೇಸ್ಟ್, ಅಂದರೆ ಕಾಂಡಕ್ಕೆ ಶಿಲೀಂಧ್ರ ಹಿಡಿಯದಂತೆ ಬಳಿಯುವ ಲೇಪ. 100 ಗ್ರಾಂ ಮೈಲುತುತ್ತು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣ ಇನ್ನರ್ಧ ಲೀಟರಿನಲ್ಲಿ, ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ಕರಗಿಸಿ. ತುತ್ತದ ನೀರನ್ನು ಸುಣ್ಣಕ್ಕೆ ಸುರಿಯುತ್ತಾ ಕಲಕಿ. ಉಜ್ಜಿದ ಕಬ್ಬಿಣದ ಮೊಳೆ ಅದ್ದಿ ನೋಡಿ: ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು. ಅದೇ ದಿನ ಕಾಂಡಕ್ಕೆ ಮೂರಡಿ ಎತ್ತರದವರೆಗೆ ಬಳಿಯಿರಿ. ಕೈಗವಸು ಇರಲಿ, ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿ.

ಗರಗಸ:
ಒಣ ಕೊಂಬೆಯನ್ನು ಒಂದೇ ಏಟಿಗೆ ಮೇಲಿಂದ ಕೊಯ್ದರೆ ಭಾರಕ್ಕೆ ಜಗ್ಗಿ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಬೀಳುತ್ತದೆ. ಕಾಂಡದಿಂದ ಒಂದಡಿ ದೂರದಲ್ಲಿ, ಕೆಳಗಿನಿಂದ, ದಪ್ಪದ ಮೂರನೇ ಒಂದು ಭಾಗ ಕೊಯ್ಯಿರಿ. ಅದರಿಂದ ಎರಡಿಂಚು ಆಚೆ ಮೇಲಿಂದ ಕೊಯ್ದು ಬೀಳಿಸಿ. ಉಳಿದ ಮೋಟನ್ನು ಕೊನೆಗೆ ತೆಗೆಯಿರಿ, ಆದರೆ ಕಾಂಡಕ್ಕೆ ಸಮ ಮಾಡಬೇಡಿ. ಕೊಂಬೆ ಕಾಂಡ ಸೇರುವಲ್ಲಿ ಬಳೆಯಂತೆ ಉಬ್ಬು ಇರುತ್ತದಲ್ಲ, ಗಾಯ ಮಾಯುವುದು ಅಲ್ಲಿಂದಲೇ. ಅದರ ಹೊರಗೆ ಕೊಯ್ಯಿರಿ. ಶೀಟಿನ ಮೇಲಿರುವುದರಿಂದ ಬೀಳುವ ತುಂಡಿಗೆ ಮೊದಲೇ ಹಗ್ಗ ಕಟ್ಟಿ, ಮೇಲಿನ ಗಟ್ಟಿ ಕವಲಿನಿಂದ ಇಳಿಬಿಡಿ. ಕರೆಂಟ್ ತಂತಿ ಹತ್ತಿರವಿದ್ದರೆ ವಿದ್ಯುತ್ ಕಚೇರಿಗೆ ಹೇಳಿ ಲೈನ್ ಆಫ್ ಮಾಡಿಸದೆ ಹತ್ತಬೇಡಿ.

ಇಡೀ ಮರ ಕಡಿಯುವುದಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷ ಅಧಿಕಾರಿಯ ಅನುಮತಿ ಬೇಕು, ಸ್ವಂತ ಜಾಗದಲ್ಲಿದ್ದರೂ ಸರಿ. ಆದರೆ ನೀವು ಹೇಳಿದ್ದರಲ್ಲಿ ಕಡಿಯುವ ಕಾರಣ ಕಾಣುತ್ತಿಲ್ಲ.

ಕೆಂಪುಮಣ್ಣು:
ಮೂಲ ತೊಂದರೆ ಆ ಕಾಂಕ್ರೀಟು. ಬೇರಿಗೆ ಗಾಳಿ, ನೀರು ಸಿಗದೆ ಸೊರಗಿದ ಮರಕ್ಕೇ ಈ ದುಂಬಿ ಹೆಚ್ಚು ಬರುತ್ತದೆ. ಬುಡದ ಸುತ್ತ ಕನಿಷ್ಠ ನಾಲ್ಕಡಿ ಒಡೆಸಿ. ಕೈ ಉಳಿ, ಸುತ್ತಿಗೆ ಸಾಕು. ಬ್ರೇಕರ್ ಮಷಿನ್ ಮೇಲ್ಬೇರನ್ನು ಸೀಳಿಬಿಡುತ್ತದೆ. ಮಣ್ಣು ಆಳಕ್ಕೆ ಅಗೆಯದೆ, ಎರಡು ಬುಟ್ಟಿ ಕಳಿತ ಕೊಟ್ಟಿಗೆ ಗೊಬ್ಬರ ಹರಡಿ, ಮೇಲೆ ಮೂರಿಂಚು ಒಣ ಎಲೆ ಹಾಕಿ. ಎಲೆ ಕಾಂಡಕ್ಕೆ ತಾಗಬಾರದು, ಅರ್ಧ ಅಡಿ ಬಿಡಿ, ಇಲ್ಲದಿದ್ದರೆ ತೊಗಟೆ ಕೊಳೆಯುತ್ತದೆ.

ಹಿತ್ತಲಮಾವು:
ಹುಡಿ ಗುಡಿಸಿಟ್ಟಿದ್ದೇನೆ. ಕಾರಿನ ಚಕ್ರ ಆ ನಾಲ್ಕಡಿಯೊಳಗೆ ಬರುತ್ತದೆ, ಕಬ್ಬಿಣದ ಜಾಲರಿ ಹಾಕಬಹುದಾ?

ಗರಗಸ:
ಹಾಕಬಹುದು, ಆದರೆ ಮಣ್ಣಿನ ಮೇಲೆ ಕೂರಿಸಬೇಡಿ. ಅಂಚಿನ ಕಾಂಕ್ರೀಟಿನ ಮೇಲೆ ಭಾರ ಬೀಳುವಂತೆ ಆಂಗಲ್ (L ಆಕಾರದ ಕಬ್ಬಿಣದ ಪಟ್ಟಿ) ಫ್ರೇಮ್ ಕೊಟ್ಟು, ಕಾಂಡದ ಸುತ್ತ ಒಂದಡಿ ಖಾಲಿ ಬಿಡಿಸಿ. ಕಾಂಡ ದಪ್ಪವಾದಂತೆ ಜಾಲರಿಯನ್ನು ಕತ್ತರಿಸಲು ಬರುವ ಹಾಗೆ ಎರಡು ಭಾಗ ಮಾಡಿಸಿ, ಬೋಲ್ಟ್ ಹಾಕಿಸಿ.