ತಣ್ಣೀರಿನ ಬೀಚಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಎಲ್ಲಿ ಹುಡುಕಬೇಕು? ಅನುಭವ ಇದ್ದವರು ಹೇಳಿ

ಕೇಳಿದವರು, ನ್ಯೂಕಾಸಲ್‌ನಿಂದ

ಎಲ್ಲರಿಗೂ ನಮಸ್ಕಾರ. ನಾವು ಇಂಗ್ಲೆಂಡಿನ ಈಶಾನ್ಯ ಮೂಲೆಗೆ, ನ್ಯೂಕಾಸಲ್‌ಗೆ ಬಂದು ಎರಡು ವರ್ಷ ಆಯಿತು. ಮಗಳಿಗೆ ಹತ್ತು ವರ್ಷ. ಮಣ್ಣಲ್ಲಿ ಏನಾದರೂ ಹುಡುಕುವುದು ಅಂದರೆ ಅವಳಿಗೆ ಪ್ರಾಣ. ಅವಳಿಗೋಸ್ಕರ ಒಂದು ಹಳೇ ಮೆಟಲ್ ಡಿಟೆಕ್ಟರ್ ಕೊಂಡೆ. ನಾಲ್ಕು ಭಾನುವಾರ ಟೈನ್‌ಮತ್‌ನ ಲಾಂಗ್ ಸ್ಯಾಂಡ್ಸ್ ಬೀಚಿಗೆ ಹೋದೆವು. ನೀರಿನ ಅಂಚಲ್ಲೇ ಉದ್ದಕ್ಕೂ ನಡೆದೆವು. ಸಿಕ್ಕಿದ್ದು ಕ್ಯಾನಿನ ರಿಂಗು, ತುಕ್ಕು ಹಿಡಿದ ಮೊಳೆ, ಅಷ್ಟೇ. ಒದ್ದೆ ಮರಳಲ್ಲಿ ಡಿಟೆಕ್ಟರ್ ಸುಮ್ಮಸುಮ್ಮನೆ ಕೂಗುತ್ತದೆ.

ವಿಡಿಯೋಗಳಲ್ಲಿ ಎಲ್ಲರೂ ಸೊಂಟದವರೆಗೆ ನೀರಲ್ಲಿ ನಿಂತು ಉಂಗುರ ತೆಗೆಯುತ್ತಾರೆ. ಅವೆಲ್ಲ ಬಿಸಿ ಊರಿನ ಬೀಚುಗಳು. ಇಲ್ಲಿ ಆಗಸ್ಟ್‌ನಲ್ಲೂ ಕಾಲಿಟ್ಟರೆ ಜುಮ್ ಅನ್ನುತ್ತದೆ, ಜನ ನೀರಿಗೇ ಇಳಿಯುವುದಿಲ್ಲ. ಇಂಥ ಕಡೆ ಎಲ್ಲಿ ಹುಡುಕಬೇಕು? ಮಗಳ ಉತ್ಸಾಹ ಇಳಿಯುವುದರೊಳಗೆ ಏನಾದರೂ ಒಂದು ಸಿಗಲಿ ಅಂತ ಆಸೆ.

ವಿಟ್ಲಿ ಬೇಯಿಂದ

ನೀವು ಮಾಡಿದ್ದನ್ನೇ ನಾನು ಪೂರ್ತಿ ಒಂದು ವರ್ಷ ಮಾಡಿದ್ದೇನೆ. ನೀರಿನ ಅಂಚು ಬಿಡಿ. ಗಾಳಿ ಮರೆ ಎಲ್ಲಿದೆ ನೋಡಿ.

ಯಾಕೆ ಅಂತ ಹೇಳುತ್ತೇನೆ. ಇಲ್ಲಿಯ ಸಮುದ್ರ ಬೇಸಿಗೆಯಲ್ಲಿ 14-15 ಡಿಗ್ರಿ ಆದರೆ ಅದೇ ಹೆಚ್ಚು. ಚಳಿಗಾಲದಲ್ಲಿ 6-7. ನೀವೇ ಹೇಳಿದ ಹಾಗೆ ಜನ ನೀರಿಗೆ ಇಳಿಯುವುದಿಲ್ಲ. ಆದರೆ ಬೀಚಿಗೆ ಬರುತ್ತಾರಲ್ವಾ? ಬಂದವರು ಕೂರುತ್ತಾರೆ, ತಿನ್ನುತ್ತಾರೆ, ಮಕ್ಕಳ ಬಟ್ಟೆ ಬದಲಿಸುತ್ತಾರೆ. ಎಲ್ಲಿ ಕೂರಬೇಕು ಅನ್ನುವುದನ್ನು ತೀರ್ಮಾನ ಮಾಡುವುದು ಗಾಳಿ. ಉತ್ತರದಿಂದಲೋ ಪೂರ್ವದಿಂದಲೋ ಗಾಳಿ ಬೀಸಿದರೆ ಬಯಲಲ್ಲಿ ಹತ್ತು ನಿಮಿಷ ಕೂರಲಾಗುವುದಿಲ್ಲ. ಎಲ್ಲರೂ ಗೋಡೆಗೆ, ಬಂಡೆಗೆ, ಮೆಟ್ಟಿಲಿಗೆ ಬೆನ್ನು ಕೊಟ್ಟು ಕೂರುತ್ತಾರೆ. ನೂರು ವರ್ಷದ ಹಿಂದೆಯೂ ಹಾಗೇ ಕೂತಿರುತ್ತಾರೆ. ಗೋಡೆ ಅಲ್ಲೇ ಇದೆ, ಗಾಳಿಯೂ ಅದೇ.

ಒಂದು ಮೇ ತಿಂಗಳ ಬ್ಯಾಂಕ್ ಹಾಲಿಡೇ (ಇಲ್ಲಿಯ ಸಾರ್ವಜನಿಕ ರಜೆ) ದಿನ ನಾನು ಡಿಟೆಕ್ಟರ್ ಮನೆಯಲ್ಲಿ ಬಿಟ್ಟು ಫ್ಲಾಸ್ಕಲ್ಲಿ ಕಾಫಿ ತೆಗೆದುಕೊಂಡು ಹೋದೆ. ಇಲ್ಲಿಯ ಸ್ಪ್ಯಾನಿಶ್ ಸಿಟಿ ಅನ್ನುವ ಹಳೇ ಕಟ್ಟಡದ ಬಿಳಿ ಗುಮ್ಮಟದ ಕೆಳಗಿನ ರಸ್ತೆ ಕಟ್ಟೆ ಮೇಲೆ ಎರಡು ಗಂಟೆ ಕೂತು ಜನರನ್ನು ನೋಡಿದೆ. ಗಾಳಿ ತಡೆಯುವ ಬಟ್ಟೆ ಪರದೆ ಎಲ್ಲಿ ನೆಡುತ್ತಾರೆ, ಅಜ್ಜ ಅಜ್ಜಿಯರ ಕುರ್ಚಿ ಎಲ್ಲಿ ಹಾಕುತ್ತಾರೆ, ಯಾವ ಮೆಟ್ಟಿಲ ಮೇಲೆ ಕೂತು ಕಾಲಿನ ಮರಳು ಒರೆಸುತ್ತಾರೆ, ಎಲ್ಲ ನೋಡಿಕೊಂಡೆ. ಮಾರನೇ ದಿನ ಬೆಳಿಗ್ಗೆ ಆರಕ್ಕೆ ಹೋಗಿ ಗೋಡೆಯ ಬುಡದಿಂದ ಮೂರು ಮೀಟರ್ ಅಗಲದ ಪಟ್ಟಿ ಮಾತ್ರ ಹುಡುಕಿದೆ. ಒಂದು ಗಂಟೆಯಲ್ಲಿ ಹನ್ನೊಂದು ನಾಣ್ಯ. ಅದಕ್ಕೆ ಮುಂಚೆ ಒಂದು ತಿಂಗಳಲ್ಲಿ ಅಷ್ಟು ಸಿಕ್ಕಿರಲಿಲ್ಲ.

ಮೆಟ್ಟಿಲ ಬುಡ ಮರೆಯಬೇಡಿ. ಶೂ ಹಾಕಿಕೊಳ್ಳಲು ಬಗ್ಗಿದಾಗ ಹಿಂದಿನ ಜೇಬಿನದು ಬೀಳುತ್ತದೆ. ಇನ್ನೊಂದು, ಚಳಿ ಇರುವ ಕಡೆ ಕೈಗವಸು. ಚಳಿಗೆ ಬೆರಳು ಸಣ್ಣಗಾಗುತ್ತದೆ, ಉಂಗುರ ಸಡಿಲ ಆಗುತ್ತದೆ. ಕೈಗವಸು ಎಳೆದಾಗ ಉಂಗುರವೂ ಜೊತೆಗೇ ಬರುತ್ತದೆ. ಸರ್ಫಿಂಗ್ ಮಾಡುವವರು ನೀರಿಂದ ಎದ್ದು ಬಂದು ವೆಟ್‌ಸೂಟ್ ಬಿಚ್ಚುವ ಜಾಗ ಇದೇ ಕಾರಣಕ್ಕೆ ಒಳ್ಳೆಯದು. ನಿಮ್ಮ ಲಾಂಗ್ ಸ್ಯಾಂಡ್ಸ್‌ನಲ್ಲಿ ಸರ್ಫರ್‌ಗಳು ಜಾಸ್ತಿ. ಅವರು ಮೇಲೆ ಹತ್ತುವ ದಾರಿ ಹಿಡಿಯಿರಿ.

ಮಗು ಜೊತೆ ಇದ್ದರೆ ಕಲ್ಲರ್‌ಕೋಟ್ಸ್‌ಗೆ ಹೋಗಿ. ಪುಟ್ಟ ಕೊಲ್ಲಿ, ಎರಡು ಕಡೆ ಕಲ್ಲಿನ ಕಟ್ಟೆ, ಇಡೀ ಬೀಚೇ ಗಾಳಿ ಮರೆ. ಮೆಟ್ರೋ ಇಳಿದು ನಡೆದರೆ ಸಾಕು.

ಸಂಡರ್‌ಲ್ಯಾಂಡ್‌ನಿಂದ

ಅಕ್ಕ ಹೇಳಿದ್ದು ಸರಿ, ಆದರೆ ಒದ್ದೆ ಮರಳನ್ನು ಪೂರ್ತಿ ಬಿಡಿ ಅಂದರೆ ನಾನು ಒಪ್ಪುವುದಿಲ್ಲ. ಅದಕ್ಕೆ ಒಂದು ಸಮಯ ಇದೆ.

ನಾನು ಕುಂದಾಪುರದವನು. ನಮ್ಮ ಕಡೆ ಮಳೆಗಾಲದಲ್ಲಿ ಕಡಲು ದಡದ ಮರಳನ್ನು ಎಳೆದುಕೊಂಡು ಹೋಗಿ ಬೇಸಿಗೆಗೆ ವಾಪಸ್ ತಂದು ಹಾಕುತ್ತದಲ್ಲ, ಇಲ್ಲಿ ಆ ಕೆಲಸ ಚಳಿಗಾಲದ ಬಿರುಗಾಳಿ ಮಾಡುತ್ತದೆ. ಈಶಾನ್ಯದಿಂದ ಎರಡು ದಿನ ಜೋರಾಗಿ ಬೀಸಿದರೆ ಒಂದು ಮೀಟರ್ ಮರಳು ಹೋಗಿ ಕೆಳಗಿನ ಜೇಡಿಮಣ್ಣು, ಉರುಟು ಕಲ್ಲು ಕಾಣುತ್ತದೆ. ಹಗುರದ್ದು ನೀರಿನ ಜೊತೆ ಹೋಗುತ್ತದೆ. ಭಾರದ್ದು ಆ ಕಲ್ಲಿನ ಸಂದಿಯಲ್ಲಿ ಕೂರುತ್ತದೆ. ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳು ಒಂದೇ ಕಡೆ ಎರಡು ಮೂರು ಸಿಕ್ಕರೆ ಅಲ್ಲಿಂದ ಕದಲಬೇಡಿ. ಸೀಸ ನಿಂತ ಕಡೆ ಚಿನ್ನ, ಬೆಳ್ಳಿ, ಹಳೇ ನಾಣ್ಯವೂ ನಿಲ್ಲುತ್ತದೆ. ಈ ಅವಕಾಶ ಎರಡು ಮೂರು ಭರತ ಬರುವವರೆಗೆ ಮಾತ್ರ. ಆಮೇಲೆ ಮರಳು ಮುಚ್ಚುತ್ತದೆ.

ಸಿಕ್ಕ ನಾಣ್ಯ ಓದಿದರೆ ಮರಳಿನ ವಯಸ್ಸು ಗೊತ್ತಾಗುತ್ತದೆ. ಹನ್ನೆರಡು ಮೂಲೆಯ ಪೌಂಡ್ 2017ರಲ್ಲಿ ಬಂದದ್ದು. ಬರೀ ಅದೇ ಸಿಗುತ್ತಿದ್ದರೆ ಹೊಸ ಮರಳು ಮೇಲೆ ಕೂತಿದೆ ಅಂತ. ಹಳೇ ದುಂಡು ಪೌಂಡ್ ಸಿಕ್ಕರೆ ಸ್ವಲ್ಪ ಕೆಳಗೆ ಇಳಿದಿದ್ದೀರಿ. 1971ಕ್ಕೆ ಮುಂಚಿನ ದೊಡ್ಡ ಪೆನ್ನಿ ಸಿಕ್ಕಿತೋ, ಆವತ್ತು ಮಧ್ಯಾಹ್ನದ ಊಟ ಮರೆತುಬಿಡಿ. 1947ಕ್ಕೆ ಹಿಂದಿನ ಬಿಳಿ ನಾಣ್ಯಗಳಲ್ಲಿ ಬೆಳ್ಳಿಯೂ ಇರುತ್ತದೆ.

ಒದ್ದೆ ಮರಳಲ್ಲಿ ಕೂಗುವುದಕ್ಕೆ ಕಾರಣ ಉಪ್ಪು. ಉಪ್ಪು ನೀರು ಕರೆಂಟ್ ಹಾಯಿಸುತ್ತದೆ, ಒಂದೇ ಫ್ರೀಕ್ವೆನ್ಸಿಯ ಡಿಟೆಕ್ಟರ್ ಅದನ್ನೇ ಲೋಹ ಅಂದುಕೊಳ್ಳುತ್ತದೆ. ಸೆನ್ಸಿಟಿವಿಟಿ ಇಳಿಸಿ, ಕಾಯಿಲ್ (ಡಿಟೆಕ್ಟರಿನ ತುದಿಯ ತಟ್ಟೆ) ನೆಲಕ್ಕೆ ಸಮನಾಗಿ ಹಿಡಿದು ನಿಧಾನ ಆಡಿಸಿ. ಬೀಚ್ ಮೋಡ್ ಇದ್ದರೆ ಹಾಕಿ. ಮಲ್ಟಿ ಫ್ರೀಕ್ವೆನ್ಸಿಯದು ಇದ್ದರೆ ಈ ತೊಂದರೆ ತುಂಬಾ ಕಡಿಮೆ, ಆದರೆ ಮಗಳಿಗೆ ಅಂತ ಈಗಲೇ ದುಡ್ಡು ಹಾಕಬೇಡಿ. ಒಣ ಮರಳಿಗೆ ನಿಮ್ಮದೇ ಸಾಕು. ಕ್ಯಾನಿನ ರಿಂಗಿನ ಕಾಟ ತಪ್ಪಿಸಲು ಆ ಸದ್ದನ್ನು ಆಫ್ ಮಾಡಬೇಡಿ. ಚಿನ್ನದ ಉಂಗುರದ ಸದ್ದೂ ಹೆಚ್ಚುಕಮ್ಮಿ ಅಲ್ಲೇ ಬರುತ್ತದೆ. ಎಲ್ಲ ಅಗೆಯಬೇಕು, ಬೇರೆ ದಾರಿ ಇಲ್ಲ.

ಜನ ನೀರಿಗೆ ಇಳಿಯುವ ದಿನವೂ ಒಂದಿದೆ. ನಮ್ಮ ಸೀಬರ್ನ್‌ನಲ್ಲಿ ಬಾಕ್ಸಿಂಗ್ ಡೇ, ಅಂದರೆ ಡಿಸೆಂಬರ್ 26ರಂದು, ನೂರಾರು ಜನ ವೇಷ ಹಾಕಿಕೊಂಡು ಸಮುದ್ರಕ್ಕೆ ಓಡುತ್ತಾರೆ. ನೀರು ಕೊರೆಯುತ್ತಿರುತ್ತದೆ, ಬೆರಳು ಸಣ್ಣ, ಕೈ ಬೀಸುತ್ತಾ ಓಡುತ್ತಾರೆ. ಮುಂದಿನ ಇಳಿತಕ್ಕೆ ನಾನು ಅಲ್ಲಿರುತ್ತೇನೆ.

ಎಡಿನ್‌ಬರೋದಿಂದ

ಅನುಮತಿ ವಿಷಯ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಇಂಗ್ಲೆಂಡಿನಲ್ಲಿ ಭರತದ ಗೆರೆಗೂ ಇಳಿತದ ಗೆರೆಗೂ ನಡುವಿನ ಜಾಗದಲ್ಲಿ ಸುಮಾರು ಅರ್ಧ ಭಾಗ ಕ್ರೌನ್ ಎಸ್ಟೇಟಿನದು, ಅಂದರೆ ರಾಜಪೀಠದ ಆಸ್ತಿ ನೋಡಿಕೊಳ್ಳುವ ಸಂಸ್ಥೆಯದು. ಅವರ ಜಾಗದಲ್ಲಿ ಅವರ ನಿಯಮ ಪಾಲಿಸಿದರೆ ಹುಡುಕಬಹುದು. ಆದರೆ ಮೇಲೆ ಹೇಳಿದ ಗೋಡೆ ಬುಡದ ಒಣ ಮರಳು ಭರತದ ಗೆರೆಗಿಂತ ಮೇಲಿರುತ್ತದೆ. ಅದು ಕೌನ್ಸಿಲ್‌ನದೋ ಬೇರೆಯವರದೋ ಆಗಿರಬಹುದು. ಒಂದು ಇಮೇಲ್ ಹಾಕಿ ಕೇಳಿ. ಟೈನ್‌ಮತ್ ಪ್ರಯರಿ ಅನ್ನುವ ಹಳೇ ಮಠ, ಸೌತ್ ಶೀಲ್ಡ್ಸ್‌ನ ರೋಮನ್ ಕೋಟೆ ಅರ್ಬೀಯಾ ಇಂಥ ರಕ್ಷಿತ ಜಾಗಗಳಿಗೆ ಡಿಟೆಕ್ಟರ್ ಒಯ್ಯಲೇಬೇಡಿ, ಅದು ಅಪರಾಧ. ನಾರ್ತಂಬರ್‌ಲ್ಯಾಂಡ್ ಕರಾವಳಿಯಲ್ಲಿ ನ್ಯಾಷನಲ್ ಟ್ರಸ್ಟ್ ಅನ್ನುವ ಪರಂಪರೆ ಕಾಯುವ ಸಂಸ್ಥೆಯ ಜಾಗ ತುಂಬಾ ಇದೆ, ಅಲ್ಲೂ ಬೇಡ. ಬೀಡ್ನೆಲ್ ಹತ್ತಿರ ಬೇಸಿಗೆಯಲ್ಲಿ ಟರ್ನ್ ಹಕ್ಕಿಗಳು ಮರಳಲ್ಲೇ ಮೊಟ್ಟೆ ಇಡುತ್ತವೆ. ದಯವಿಟ್ಟು ಆ ಕಡೆ ಸುಳಿಯಬೇಡಿ.

ಹಳೇ ಚಿನ್ನ ಬೆಳ್ಳಿಯ ವಸ್ತು ಸಿಕ್ಕರೆ, 1996ರ ಟ್ರೆಶರ್ ಆಕ್ಟ್ ಪ್ರಕಾರ ಅದು ನಿಧಿ ಅನ್ನಿಸಿದ 14 ದಿನದೊಳಗೆ ತಿಳಿಸಬೇಕು. ಹಡಗಿನ ಅವಶೇಷ ಆದರೆ 28 ದಿನದೊಳಗೆ ಅದನ್ನು ನೋಡಿಕೊಳ್ಳುವ ಸರಕಾರಿ ಅಧಿಕಾರಿ ರಿಸೀವರ್ ಆಫ್ ರೆಕ್‌ಗೆ. ನಮ್ಮ ಸ್ಕಾಟ್ಲೆಂಡಿನಲ್ಲಿ ಕಾನೂನೇ ಬೇರೆ, ಪುರಾತನ ವಸ್ತು ಯಾವುದೇ ಸಿಗಲಿ, ಒಂದೇ ನಾಣ್ಯವಾದರೂ ತಿಳಿಸಬೇಕು. ಗಡಿ ದಾಟಿ ಬಂದಾಗ ನೆನಪಿರಲಿ.

ಸ್ಕಾರ್‌ಬರೋದಿಂದ

ನನ್ನದು ಎರಡೇ ಮಾತು. ಹಳೇ ಪೋಸ್ಟ್‌ಕಾರ್ಡ್ ನೋಡಿ. ಈ ಊರಿಗೆ ರೈಲು ಬಂದದ್ದು 1845ರಲ್ಲಿ. ಆವತ್ತಿನಿಂದ ಜನ ಬೀಚಿಗೆ ಬರುತ್ತಲೇ ಇದ್ದಾರೆ. ಹಳೇ ಚಿತ್ರಗಳಲ್ಲಿ ಕತ್ತೆ ಸವಾರಿ ಎಲ್ಲಿ ನಡೆಯುತ್ತಿತ್ತು, ಬಾಡಿಗೆ ಕುರ್ಚಿ ಎಲ್ಲಿ ಹಾಕುತ್ತಿದ್ದರು, ಈಗ ಮುಚ್ಚಿಹೋದ ಮೆಟ್ಟಿಲು ಎಲ್ಲಿತ್ತು ಎಲ್ಲ ಕಾಣುತ್ತದೆ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ತಾಣದಲ್ಲಿ ಇಂಗ್ಲೆಂಡಿನ ಹಳೇ ನಕ್ಷೆಗಳೂ ಪುಕ್ಕಟೆ ಸಿಗುತ್ತವೆ. ಇವತ್ತಿನ ನಕ್ಷೆಯ ಮೇಲೆ ಅದನ್ನು ಹರಡಿ ನೋಡಬಹುದು.

ಎರಡನೇದು ಮಗಳ ಸಲುವಾಗಿ. ಎರಡನೇ ಮಹಾಯುದ್ಧದಲ್ಲಿ ಈ ಕರಾವಳಿಯಲ್ಲಿ ಮೈನ್, ಅಂದರೆ ನೆಲಬಾಂಬು ಹೂತಿದ್ದರು. ಈಗಲೂ ಆಗೊಮ್ಮೆ ಈಗೊಮ್ಮೆ ಗುಂಡು, ಶೆಲ್ ಸಿಗುತ್ತದೆ. ತುಕ್ಕು ಹಿಡಿದ ಕೊಳವೆಯಂಥದ್ದು ಕಂಡರೆ ಮುಟ್ಟಬೇಡಿ, ದೂರ ಹೋಗಿ 999ಕ್ಕೆ ಫೋನ್ ಮಾಡಿ ಕೋಸ್ಟ್‌ಗಾರ್ಡ್ ಕೇಳಿ. ಭರತದ ಸಮಯ ನೋಡದೆ ಬಂಡೆಯ ಮೂಲೆ ದಾಟಬೇಡಿ. ಇಲ್ಲಿ ದೊಡ್ಡ ಭರತದಲ್ಲಿ ನೀರು ನಾಲ್ಕು ಮೀಟರಿಗೂ ಮೇಲೆ ಏರುತ್ತದೆ, ಹಿಂದೆ ದಾರಿ ಮುಚ್ಚಿರುವುದು ಗೊತ್ತೇ ಆಗುವುದಿಲ್ಲ.

ಕೇಳಿದವರು, ಮೂರು ವಾರದ ನಂತರ

ಎಲ್ಲರಿಗೂ ಮನಸಾರೆ ಧನ್ಯವಾದ. ಮೊದಲು ಅನುಮತಿ ಕೇಳಿಕೊಂಡೆ. ಶನಿವಾರ ಕಲ್ಲರ್‌ಕೋಟ್ಸ್‌ನಲ್ಲಿ ಒಂದು ಗಂಟೆ ಸುಮ್ಮನೆ ಕೂತು ನೋಡಿದೆವು. ಮಗಳು ನೋಟ್‌ಬುಕ್ಕಲ್ಲಿ ಬೀಚಿನ ಚಿತ್ರ ಬರೆದು, ಜನ ಕೂತಲ್ಲೆಲ್ಲ ಒಂದೊಂದು ಗುರುತು ಹಾಕಿದಳು. ಭಾನುವಾರ ಬೆಳಿಗ್ಗೆ ಅವಳ ಗುರುತು ಹಿಡಿದೇ ಹುಡುಕಿದೆವು. ಮೂರು ಪೌಂಡ್, ಒಂದು ಇಪ್ಪತ್ತು ಪೆನ್ನಿ, ಹೇರ್‌ಪಿನ್ನು, ಬಣ್ಣ ಹೋದ ಒಂದು ಆಟದ ಕಾರು. ಕೊನೆಗೆ ಮೆಟ್ಟಿಲ ಬುಡದಲ್ಲಿ ಕಲ್ಲು ಕೂರಿಸಿದ ಒಂದು ಬೆಳ್ಳಿ ಓಲೆ! ಅವಳು ಕಿರುಚಿದ್ದಕ್ಕೆ ನಾಯಿ ತಿರುಗಿಸುತ್ತಿದ್ದವರೆಲ್ಲ ನಿಂತು ನೋಡಿದರು.

ಈಗ ಅವಳದ್ದು ಒಂದೇ ಹಟ, ಓಲೆಯವರು ಅಳುತ್ತಿರುತ್ತಾರೆ, ಕೊಡಲೇಬೇಕು ಅಂತ. ಫೋಟೋ ಹಾಕಲಾ?

ವಿಟ್ಲಿ ಬೇಯಿಂದ

ಫೋಟೋ ಬೇಡ. ಊರಿನವರ ಫೇಸ್‌ಬುಕ್ ಗುಂಪಲ್ಲಿ "ಕಲ್ಲರ್‌ಕೋಟ್ಸ್ ಮೆಟ್ಟಿಲ ಹತ್ತಿರ ಒಂದು ಓಲೆ ಸಿಕ್ಕಿದೆ" ಅಂತ ಮಾತ್ರ ಹಾಕಿ. ಕಲ್ಲಿನ ಬಣ್ಣ ಯಾರು ಸರಿಯಾಗಿ ಹೇಳುತ್ತಾರೋ ಅವರಿಗೆ ಕೊಡಿ. ಮೆಟ್ಟಿಲ ಮೇಲಿನ ಅಂಗಡಿಯವರಿಗೂ ಒಂದು ಮಾತು ಹೇಳಿಡಿ. ಕಳೆದುಕೊಂಡವರು ಮೊದಲು ಅಲ್ಲೇ ಹೋಗಿ ಕೇಳುತ್ತಾರೆ. ನಾನು ಹೀಗೆ ಎರಡು ಉಂಗುರ ವಾಪಸ್ ಕೊಟ್ಟಿದ್ದೇನೆ.

ಕೇಳಿದವರು

ಸರಿ ಅಕ್ಕ, ಬಣ್ಣ ಎಲ್ಲೂ ಹೇಳಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ ಇಳಿತ. ಯಾರಾದರೂ ಬರುತ್ತೀರಾ?

ಸಂಡರ್‌ಲ್ಯಾಂಡ್‌ನಿಂದ

ನಾನು ಬರುತ್ತೇನೆ. ಗಾಳಿ ಮುನ್ಸೂಚನೆ ಈಶಾನ್ಯ ತೋರಿಸುತ್ತಿದೆ. ಮಗಳಿಗೆ ದಪ್ಪ ಸಾಕ್ಸ್ ಹಾಕಿ ಕರೆತನ್ನಿ.