ಪ್ಯಾಂಕ್ರಿಯಾಸ್‌ನಲ್ಲಿ ಸಿಸ್ಟ್ ಅಂತ ಸಿಟಿಲಿ ಬಂದಿದೆ, ಮತ್ತೆ ಎಂಆರ್‌ಐ ಯಾಕೆ?

ಪ್ರಶ್ನೆ:
ಅಮ್ಮಂಗೆ 62, ಕಿಡ್ನಿ ಸ್ಟೋನ್ ಇದ್ಯಾ ನೋಡೋಕೆ ಸಿಟಿ ಮಾಡ್ಸಿದ್ವಿ, ಸ್ಟೋನ್ ಇಲ್ಲ ಆದ್ರೆ ರಿಪೋರ್ಟ್ ಕೊನೇಲಿ ಪ್ಯಾಂಕ್ರಿಯಾಸ್ ಟೇಲ್‌ನಲ್ಲಿ (ಬಾಲದ ತುದೀಲಿ) 18 ಎಂಎಂ ಸಿಸ್ಟ್ (ದ್ರವ ತುಂಬಿದ ಗುಳ್ಳೆ) ಅಂತ ಒಂದೇ ಸಾಲು ಬರ್ದಿದಾರೆ. ಈಗ ಡಾಕ್ಟ್ರು ಎಂಆರ್‌ಸಿಪಿ (ಪ್ಯಾಂಕ್ರಿಯಾಸ್, ಪಿತ್ತದ ನಾಳಗಳನ್ನ ತೋರ್ಸೋ ಎಂಆರ್‌ಐ) ಅಂತಿದಾರೆ. ಸುಮ್ನೆ ಸೂಜಿ ಹಾಕಿ ನೋಡಿದ್ರೆ ಕ್ಯಾನ್ಸರ್ ಹೌದೋ ಅಲ್ವೋ ಗೊತ್ತಾಗಲ್ವಾ?

ಉತ್ತರ 1:
ರೇಡಿಯಾಲಜಿಲಿ ಕೆಲ್ಸ ಮಾಡ್ತೀನಿ. ಸ್ಟೋನ್ ಸಿಟಿನ ಸಾಮಾನ್ಯವಾಗಿ ಕಾಂಟ್ರಾಸ್ಟ್ (ಸ್ಕ್ಯಾನ್‌ಲಿ ಸ್ಪಷ್ಟ ಕಾಣೋಕೆ ಕೊಡೋ ಇಂಜೆಕ್ಷನ್) ಇಲ್ದೇ ತೆಗೀತಾರೆ, ಅದ್ರಲ್ಲಿ ಸಿಸ್ಟ್ ಗೋಡೆ ದಪ್ಪ ಇದ್ಯಾ, ಒಳಗೆ ಗಂಟು ಇದ್ಯಾ ಅಂತ ಸರಿಯಾಗಿ ಹೇಳೋಕಾಗಲ್ಲ. ಎಂಆರ್‌ಸಿಪಿಲಿ ನೀರಿನಂಶ ಬೆಳ್ಳಗೆ ಹೊಳಿಯುತ್ತೆ, ಹಾಗಾಗಿ ಸಿಸ್ಟ್‌ಗೂ ಡಕ್ಟ್‌ಗೂ (ಪ್ಯಾಂಕ್ರಿಯಾಸ್ ಒಳಗಿನ ನಾಳ) ಸಂಪರ್ಕ ಇದ್ಯಾ ಅಂತ ಕಾಣುತ್ತೆ, ಅಸಲಿ ಪ್ರಶ್ನೆ ಅದೇ. ಸಂಪರ್ಕ ಇದ್ರೆ ಐಪಿಎಂಎನ್ (ಡಕ್ಟ್ ಒಳಗೆ ಬೆಳೆಯೋ, ಲೋಳೆ ಸುರಿಸೋ ಗೆಡ್ಡೆ) ಕಡೆ ಅನುಮಾನ. ಸಂಪರ್ಕ ಇಲ್ದೇ ಒಂದೇ ದೊಡ್ಡ ಕೋಣೆ ಥರ ಬಾಡಿ (ಪ್ಯಾಂಕ್ರಿಯಾಸ್ ನಡುಭಾಗ) ಅಥ್ವಾ ಟೇಲ್‌ನಲ್ಲಿದ್ರೆ ಎಂಸಿಎನ್ (ಲೋಳೆ ತುಂಬಿದ ಇನ್ನೊಂದು ಥರದ ಸಿಸ್ಟ್) ನೆನಪಾಗುತ್ತೆ, ಅದು ಬರೋದು ಹೆಚ್ಚುಕಮ್ಮಿ ಹೆಂಗಸ್ರಲ್ಲೇ. ಸಣ್ಣ ಸಣ್ಣ ಗುಳ್ಳೆ ಜೇನುಗೂಡಿನ ಹಾಗೆ ಸೇರ್ಕೊಂಡು ಮಧ್ಯೆ ಗಾಯದ ಕಲೆ ಥರ ಕಂಡ್ರೆ ಸೀರಸ್ (ತೆಳು ನೀರು ತುಂಬಿದ) ಸಿಸ್ಟ್, ಅದು ನಿರಪಾಯದ್ದು. ಆ ಕಲೇಲಿ ಕ್ಯಾಲ್ಸಿಯಂ ಇದ್ರೆ ಅದನ್ನ ತೋರ್ಸೋದ್ರಲ್ಲಿ ಮಾತ್ರ ಸಿಟಿನೇ ಮೇಲು. ಹಿಂದೆ ಪ್ಯಾಂಕ್ರಿಯಾಟೈಟಿಸ್ (ಪ್ಯಾಂಕ್ರಿಯಾಸ್ ಉರಿಯೂತ) ಆಗಿತ್ತಾ ಅಂತ ಕೇಳಿ, ಆಗಿದ್ರೆ ಸೂಡೋಸಿಸ್ಟ್ (ಆ ಉರಿಯೂತದಿಂದಾದ ದ್ರವದ ಚೀಲ) ಕೂಡ ಇರ್ಬೋದು.

ಉತ್ತರ 2:
ಸೂಜಿ ಬಗ್ಗೆ: ಅದು ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಮೂಲಕ ಹೊಟ್ಟೆ ಒಳಗಿಂದ ಹಾಕೋದು, ಸುಲಭದ ರಕ್ತಪರೀಕ್ಷೆ ಅಲ್ಲ. ಸೂಜೀಲಿ ತೆಗೆದ ದ್ರವದಲ್ಲಿ ಸಿಇಎ (ಒಂದು ಪ್ರೋಟೀನ್) ಜಾಸ್ತಿ, ಗ್ಲೂಕೋಸ್ ಕಮ್ಮಿ ಇದ್ರೆ ಮ್ಯೂಸಿನ್ (ಲೋಳೆ) ಸಿಸ್ಟ್, ಅಂದ್ರೆ ಐಪಿಎಂಎನ್ ಅಥ್ವಾ ಎಂಸಿಎನ್, ಇರ್ಬೋದು ಅಂತಷ್ಟೇ ಅರ್ಥ, ಕ್ಯಾನ್ಸರ್ ಆಗಿದ್ಯೋ ಇಲ್ವೋ ಸಿಇಎ ಹೇಳಲ್ಲ. ಅದಕ್ಕೇ ಮೊದ್ಲು ಇಮೇಜಿಂಗ್. ಐಪಿಎಂಎನ್ ಅಂತಾದ್ರೆ ಡಾಕ್ಟ್ರು ನೋಡೋದು ಇವನ್ನ: ಮುಖ್ಯ ಡಕ್ಟ್ 5ರಿಂದ 9 ಎಂಎಂ ಆಗಿದ್ಯಾ (10 ಅಥ್ವಾ ಜಾಸ್ತಿ ಇದ್ರೆ ಇನ್ನೂ ಗಂಭೀರ), ಕಾಂಟ್ರಾಸ್ಟ್ ಹೀರೋ ಗಂಟು ಇದ್ಯಾ, ಸಿಸ್ಟ್ 3 ಸೆಂಮೀ ಆಗಿದ್ಯಾ. 18 ಎಂಎಂಗೆ ಇವ್ಯಾವೂ ಇಲ್ದಿದ್ರೆ ಬಹುಶಃ ಆಗಾಗ ಸ್ಕ್ಯಾನ್ ಮಾಡ್ತಾ ನೋಡೋಣ ಅಂತಾರೆ.

ಪ್ರಶ್ನೆ ಕೇಳಿದವರು:
ಪ್ಯಾಂಕ್ರಿಯಾಟೈಟಿಸ್ ಆಗಿಲ್ಲ. ಮುಂದಿನ ಸ್ಕ್ಯಾನ್‌ಲಿ 20 ಅಂತ ಬಂದ್ರೆ ಬೆಳೀತಿದೆ ಅಂತಾನಾ?

ಉತ್ತರ 1:
ಹಾಗೇ ಅಂತ ಅಲ್ಲ. ಸಿಟಿಲಿ ಅಳೆದಿದ್ದಕ್ಕೂ ಎಂಆರ್‌ಐಲಿ ಅಳೆದಿದ್ದಕ್ಕೂ 1-2 ಎಂಎಂ ವ್ಯತ್ಯಾಸ ಮಾಮೂಲಿ, ಅಳೆಯೋರು ಬೇರೆ ಆದ್ರೂ ಬರುತ್ತೆ. ಎಂಆರ್‌ಸಿಪಿ ಮಾಡ್ಸೋವಾಗ ಈ ಸಿಟಿ ಸಿಡಿನೂ ಕೊಡಿ, ಬರೀ ರಿಪೋರ್ಟ್ ಅಲ್ಲ, ಚಿತ್ರಗಳು ಬೇಕು. ಆಮೇಲಿಂದು ಎಂಆರ್‌ಐನ ಎಂಆರ್‌ಐ ಜೊತೆನೇ ಹೋಲಿಸ್ಲಿ.